ಶಿಲಾಸಂಗ್ರಹ ಮತ್ತು ಪ್ರಾಮಾಣಿಕ ವ್ಯವಹಾರ

ಕಲಬುರಗಿ ನಗರದಿಂದ ಹುಮನಾಬಾದ ಮಾರ್ಗವಾಗಿ ಹೊರಟ ಪ್ರಯಾಣಿಕನಿಗೆ ಕಮಲಾಪುರ ಸಮೀಪಿಸಿದಂತೆ ನೆಲದ ಬಣ್ಣ ಬದಲಾಗುವುದು ಗೋಚರಿಸುತ್ತದೆ. ಎರೆಭೂಮಿಯ ಕಪ್ಪು ಹಿಂದೆ ಸರಿದು ಕೆಂಪು ಮಣ್ಣು ತಲೆದೋರುತ್ತದೆ. ಅದೇ ನಗರದಿಂದ ದಕ್ಷಿಣಾಭಿಮುಖವಾಗಿ ಶಹಾಬಾದ, ವಾಡಿಗಳ ಕಡೆಗೆ ಸಾಗಿದರೆ ಪದರು ಪದರಾಗಿ ಎದ್ದುಬರುವ ಸುಣ್ಣಕಲ್ಲಿನ ಗಣಿಗಳು ಎದುರಾಗುತ್ತವೆ. ಒಂದೇ ದಿನದ ಪ್ರಯಾಣದಲ್ಲಿ ಕಪ್ಪು, ಕೆಂಪು, ಬೂದು ಎಂಬ ಮೂರು ಬಗೆಯ ಶಿಲಾಲೋಕಗಳನ್ನು ಕಾಣುವ ಭಾಗ್ಯ ಈ ಜಿಲ್ಲೆಯವರಿಗೆ ಲಭಿಸಿದೆ. ಆದರೆ ನಿತ್ಯವೂ ಕಾಲಡಿಯಲ್ಲಿರುವ ವಸ್ತುವನ್ನು ಮನುಷ್ಯನು ಕಣ್ಣೆತ್ತಿ ನೋಡುವುದು ವಿರಳ.

ನೋಡುವವರೂ ಇದ್ದಾರೆ. ಅಂಚೆ ಚೀಟಿಗಳನ್ನೂ ಹಳೆಯ ನಾಣ್ಯಗಳನ್ನೂ ಕೂಡಿಡುವವರಂತೆ ಕಲ್ಲುಗಳನ್ನೂ ಖನಿಜಗಳನ್ನೂ ಕೂಡಿಡುವ ಹವ್ಯಾಸಿಗಳು ಲೋಕದ ಎಲ್ಲ ಭಾಗಗಳಲ್ಲಿಯೂ ಉಂಟು. ಹಿಂದೆ ಇವರ ಕೊಡುಕೊಳ್ಳುವಿಕೆ ಮುಖಾಮುಖಿಯಾಗಿ ನಡೆಯುತ್ತಿತ್ತು. ಇಂದು ಕಲಬುರಗಿಯ ಮನೆಯೊಂದರಲ್ಲಿ ಕುಳಿತವನು ಮೊಬೈಲಿನಲ್ಲಿ ಚಿತ್ರವನ್ನು ತೋರಿಸಿ, ಎಂದೂ ಮುಖ ಕಾಣದ ದೂರದ ಊರಿನವನಿಗೆ ಕಲ್ಲನ್ನು ಮಾರಬಲ್ಲನು. ಹಣವೂ ಕ್ಷಣಮಾತ್ರದಲ್ಲಿ ಕೈಸೇರುತ್ತದೆ. ಸೌಕರ್ಯ ಹೆಚ್ಚಿದಷ್ಟೇ ವಂಚನೆಯ ಅವಕಾಶವೂ ಹೆಚ್ಚಿದೆ. ಕೊಳ್ಳುವವನು ಕಲ್ಲನ್ನು ಕೈಯಲ್ಲಿ ಹಿಡಿದು ನೋಡುವಂತಿಲ್ಲ. ಮಾರುವವನ ಮಾತೇ ಅವನಿಗೆ ಆಧಾರ. ಆದ್ದರಿಂದ ಈ ವ್ಯವಹಾರದಲ್ಲಿ ನ್ಯಾಯವೆಂದರೇನು, ಅದನ್ನು ಪಾಲಿಸುವ ಬಗೆ ಯಾವುದು ಎಂಬುದನ್ನು ವಿಚಾರಿಸುವುದು ಉಚಿತ.

ನಮ್ಮ ನೆಲದ ಕಲ್ಲುಗಳು

ಕಲಬುರಗಿ ಮತ್ತು ಕಮಲಾಪುರಗಳ ನೆಲದಡಿಯ ಕರಿಕಲ್ಲು ದಖ್ಖನ್ ಟ್ರ್ಯಾಪ್ ಎಂದು ಹೆಸರಾದ ಲಾವಾಶಿಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಹೊರಹೊಮ್ಮಿದ ಶಿಲಾರಸವು ಥರದ ಮೇಲೆ ಥರವಾಗಿ ಹರಿದು ಹೆಪ್ಪುಗಟ್ಟಿ ಮಹಾರಾಷ್ಟ್ರದ ಬಹುಭಾಗವನ್ನೂ ನಮ್ಮ ಉತ್ತರದ ಜಿಲ್ಲೆಗಳನ್ನೂ ಆವರಿಸಿತು. ಲಾವಾ ಆರುವಾಗ ಅದರೊಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳು ಪೊಳ್ಳುಗಳಾಗಿ ಉಳಿದವು. ಮುಂದೆ ಆ ಪೊಳ್ಳುಗಳಲ್ಲಿ ಖನಿಜಯುಕ್ತವಾದ ನೀರು ಸಂಚರಿಸಿ ಬೆಣಚು, ಹಕೀಕು, ಚಾಲ್ಸೆಡೊನಿ ಮತ್ತು ಜಿಯೊಲೈಟ್ ಜಾತಿಯ ಹರಳುಗಳನ್ನು ಬೆಳೆಸಿತು. ಜಿಯೊಲೈಟ್ ಎಂಬ ಹೆಸರನ್ನು 1756ರಲ್ಲಿ ಸ್ವೀಡನ್ನಿನ ಖನಿಜಶಾಸ್ತ್ರಜ್ಞ ಕ್ರೋನ್‌ಸ್ಟೆಟ್ ಕೊಟ್ಟನು. ಕಾಯಿಸಿದಾಗ ಕುದಿಯುವಂತೆ ತೋರುವ ಕಲ್ಲು ಎಂಬುದು ಅದರ ಅರ್ಥ. ಪುಣೆಯ ಬಳಿಯ ವಾಘೋಲಿಯ ಗಣಿಗಳಿಂದ ಬಂದ ಕಡುನೀಲಿಯ ಕವನ್ಸೈಟ್ ಹರಳುಗಳು ಇಂದು ಜಗತ್ತಿನ ಸಂಗ್ರಹಾಲಯಗಳಲ್ಲಿ ಸ್ಥಾನ ಪಡೆದಿವೆ. ಅವೂ ಇದೇ ಟ್ರ್ಯಾಪಿನ ಸಂತಾನ.

ಟ್ರ್ಯಾಪ್ ಶಿಲೆಯು ಬಿಸಿಲು ಮಳೆಗಳಿಗೆ ಸಿಕ್ಕಿ ದೀರ್ಘಕಾಲ ಸವೆದಾಗ ಕರಗುವ ಅಂಶಗಳು ತೊಳೆದುಹೋಗಿ ಕಬ್ಬಿಣದ ತುಕ್ಕಿನ ಅಂಶ ಉಳಿಯುತ್ತದೆ. ಕಮಲಾಪುರದ ಕೆಂಪಿಗೂ ಬೀದರದ ಜಂಬಿಟ್ಟಿಗೆ ಕಲ್ಲಿಗೂ ಇದೇ ಕಾರಣ. ದಕ್ಷಿಣದ ಶಹಾಬಾದ, ಚಿತ್ತಾಪುರ, ಸೇಡಂ ಪ್ರದೇಶಗಳ ಸುಣ್ಣಕಲ್ಲಾದರೋ ಟ್ರ್ಯಾಪಿಗಿಂತ ಬಹಳ ಪ್ರಾಚೀನವಾದುದು. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹವೆಂದು ಕರೆಯುತ್ತಾರೆ. ಪುರಾತನ ಸಮುದ್ರದ ತಳದಲ್ಲಿ ನಯವಾದ ಕೆಸರು ಪದರು ಪದರಾಗಿ ಸೇರಿದುದರಿಂದಲೇ ಇಂದು ಕಲ್ಲುಕುಟಿಗನ ಉಳಿಗೆ ಅದು ಹಲಗೆಯಂತೆ ಸೀಳುತ್ತದೆ. ಮನೆಗಳ ನೆಲಕ್ಕೆ ಹಾಸುವ ಫರಸಿ ಅದೇ.

ಹೆಸರು ಮತ್ತು ಊರು

ಸಂಗ್ರಾಹಕನ ಪಾಲಿಗೆ ಕಲ್ಲಿನ ಅರ್ಧ ಬೆಲೆ ಕಲ್ಲಿನಲ್ಲಿದ್ದರೆ ಉಳಿದರ್ಧ ಅದರ ಜೊತೆಗಿರುವ ಚೀಟಿಯಲ್ಲಿದೆ. ಯಾವ ಖನಿಜ, ಯಾವ ಊರು, ಯಾವ ಗಣಿ ಅಥವಾ ಹಳ್ಳ, ಯಾವ ವರ್ಷ ದೊರೆಯಿತು, ಯಾರ ಕೈಯಿಂದ ಯಾರ ಕೈಗೆ ಬಂದಿತು ಎಂಬ ವಿವರಗಳಿಲ್ಲದ ಕಲ್ಲು, ಮುಖಪುಟ ಹರಿದುಹೋದ ಗ್ರಂಥದಂತೆ.

ಚೀಟಿಯ ಮಹತ್ವಕ್ಕೆ ಈ ಜಿಲ್ಲೆಯಲ್ಲಿಯೇ ಒಂದು ಘನವಾದ ನಿದರ್ಶನವಿದೆ. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯು 1990ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ ಬೌದ್ಧ ಸ್ತೂಪವೊಂದರ ಅವಶೇಷಗಳೂ ಸುಣ್ಣಕಲ್ಲಿನ ಅನೇಕ ಶಿಲ್ಪಫಲಕಗಳೂ ಬೆಳಕಿಗೆ ಬಂದವು. ಅವುಗಳಲ್ಲೊಂದರಲ್ಲಿ ಪರಿವಾರದೊಡನೆ ನಿಂತ ರಾಜನ ಚಿತ್ರವಿದೆ. ಅದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ‘ರಾಯ ಅಸೋಕ’ ಎಂಬ ಅರ್ಥದ ಎರಡು ಪದಗಳಿವೆ. ಆ ಎರಡು ಪದಗಳು ಇಲ್ಲದಿದ್ದರೆ ಅದು ಯಾವನೋ ಒಬ್ಬ ಅರಸನ ಶಿಲ್ಪವಾಗಿ ಉಳಿಯುತ್ತಿತ್ತು. ಅಶೋಕ ಚಕ್ರವರ್ತಿಯ ಹೆಸರನ್ನು ಹೊತ್ತ ಶಿಲ್ಪವೆಂದು ಅದು ಲೋಕಪ್ರಸಿದ್ಧವಾದದ್ದು ಕೆತ್ತಿದವನು ಬರೆದಿಟ್ಟ ಆ ಚಿಕ್ಕ ಚೀಟಿಯಿಂದಲೇ.

ಇನ್ನೊಂದು ನಿದರ್ಶನ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯದು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿದ ಆತ ಮುಂದೆ ದಕ್ಷಿಣ ಭಾರತದ ಉದ್ದಗಲಕ್ಕೂ ಸಂಚರಿಸಿ ದೊಡ್ಡ ಸಂಗ್ರಹವನ್ನು ಕೂಡಿಸಿದನು. 1904ರಲ್ಲಿ ಆ ಸಂಗ್ರಹವನ್ನು ಮದರಾಸಿನ ವಸ್ತುಸಂಗ್ರಹಾಲಯಕ್ಕಾಗಿ ಕೊಳ್ಳಲಾಯಿತು. ಪ್ರತಿಯೊಂದು ವಸ್ತುವೂ ಎಲ್ಲಿ ದೊರೆಯಿತೆಂಬುದನ್ನು ತಿಳಿಸುವ ಅದರ ವಿವರಣ ಪಟ್ಟಿ ಆತನ ಮರಣಾನಂತರ 1914 ಮತ್ತು 1916ರಲ್ಲಿ ಎರಡು ಸಂಪುಟಗಳಾಗಿ ಅಚ್ಚಾಯಿತು. ಒಂದು ಶತಮಾನ ಕಳೆದರೂ ವಿದ್ವಾಂಸರು ಆ ಪಟ್ಟಿಯನ್ನು ಆಶ್ರಯಿಸುತ್ತಾರೆ. ಊರಿನ ಹೆಸರು ಬರೆಯದೆ ಚೀಲದಲ್ಲಿ ತುಂಬಿದ್ದರೆ ಅವು ಕೇವಲ ಕಲ್ಲುಚೂರುಗಳಾಗಿರುತ್ತಿದ್ದವು.

ಊರಿನ ಹೆಸರು ಬರೆಯುವಲ್ಲಿ ಒಂದು ಎಚ್ಚರ ಅವಶ್ಯ. ‘ಶಹಾಬಾದ ಕಲ್ಲು’ ಎಂಬುದು ಊರನ್ನು ಸೂಚಿಸುವಂತೆ ಒಂದು ಶಿಲಾಸ್ತರವನ್ನೂ, ಮಾರುಕಟ್ಟೆಯ ಒಂದು ಸರಕನ್ನೂ ಸೂಚಿಸುತ್ತದೆ. ಚಿತ್ತಾಪುರದ ಕಡೆ ತೆಗೆದ ಫರಸಿಯೂ ಅಂಗಡಿಯಲ್ಲಿ ಶಹಾಬಾದ ಫರಸಿಯೇ. ನೆಲ ಹಾಸುವವನಿಗೆ ಇದರಿಂದ ಹಾನಿಯಿಲ್ಲ. ಆದರೆ ಸಂಗ್ರಾಹಕನ ಚೀಟಿಯಲ್ಲಿ ವ್ಯಾಪಾರದ ಹೆಸರು ಊರಿನ ಸ್ಥಾನವನ್ನು ಆಕ್ರಮಿಸಬಾರದು. ಗಣಿ ಇರುವ ಹಳ್ಳಿಯ ಹೆಸರನ್ನೇ ಬರೆಯಬೇಕು. ಅದು ತಿಳಿಯದಿದ್ದಲ್ಲಿ ‘ಊರು ಗೊತ್ತಿಲ್ಲ’ ಎಂದು ಬರೆಯಬೇಕೇ ಹೊರತು ಊಹೆಯ ಊರನ್ನು ಸೇರಿಸಬಾರದು.

ಕಮಲಾಪುರದವರಿಗೆ ಈ ತತ್ತ್ವವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಅಲ್ಲಿಯ ಕೆಂಪು ಬಾಳೆಯು 1999ರ ಕಾಯಿದೆಯ ಮೇರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿದೆ. ಬೇರೆಡೆ ಬೆಳೆದ ಕೆಂಪು ಬಾಳೆಯನ್ನು ಕಮಲಾಪುರದ್ದೆಂದು ಹೇಳಿ ಮಾರುವವನು ಕೊಳ್ಳುವವನ ಹಣವನ್ನೂ ಕಮಲಾಪುರದ ರೈತನ ಹೆಸರನ್ನೂ ಏಕಕಾಲದಲ್ಲಿ ಕದ್ದಂತಾಗುತ್ತದೆ. ಕಲ್ಲುಗಳಿಗೆ ಹೀಗೆ ಕಾಯಿದೆಯ ಮುದ್ರೆ ಇಲ್ಲದಿದ್ದರೂ ಅಪರಾಧದ ಸ್ವರೂಪ ಒಂದೇ.

ಗುಣದೋಷಗಳ ಪ್ರಕಟಣೆ

ಮಾರುವವನು ತಾನು ಮಾರುವ ವಸ್ತುವನ್ನು ಮೊದಲು ತಾನೇ ಪರೀಕ್ಷಿಸಬೇಕು. ಇದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. 1812ರಲ್ಲಿ ಮೋಸ್ ಎಂಬ ಜರ್ಮನ್ ವಿದ್ವಾಂಸನು ರೂಪಿಸಿದ ಕಾಠಿಣ್ಯದ ಮಾನದಲ್ಲಿ ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್ 3, ಬೆಣಚು 7. ಚಾಕುವಿನ ಮೊನೆ ಕ್ಯಾಲ್ಸೈಟನ್ನು ಗೀಚುತ್ತದೆ, ಬೆಣಚನ್ನು ಗೀಚಲಾರದು. ಬೆಣಚು ಗಾಜನ್ನೇ ಗೀಚುತ್ತದೆ. ತೆಳುಪಾದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿದ್ದರೆ ಕ್ಯಾಲ್ಸೈಟ್ ಬುರುಗು ಏಳಿಸುತ್ತದೆ. ಹೈಸ್ಕೂಲಿನ ವಿದ್ಯಾರ್ಥಿಯೂ ಶಿಕ್ಷಕರ ಸಮ್ಮುಖದಲ್ಲಿ ಮಾಡಬಹುದಾದ ಈ ಎರಡು ಪರೀಕ್ಷೆಗಳಿಂದ ಹರಳು ಮಾರುವವರ ಎಷ್ಟೋ ತಪ್ಪು ಹೆಸರುಗಳು ಬಯಲಾಗುತ್ತವೆ. ಆದರೆ ಗೀಚುವುದೂ ಆಮ್ಲ ಹಾಕುವುದೂ ಮಾದರಿಯ ಹಿಂಬದಿಯಲ್ಲಿ, ಕಾಣದ ಮೂಲೆಯಲ್ಲಿ ನಡೆಯಬೇಕು. ಅದೂ ತನ್ನದಾದ ಕಲ್ಲಿನ ಮೇಲೆ ಮಾತ್ರ.

ರತ್ನಪರೀಕ್ಷೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಬೊಕ್ಕಸದ ಪ್ರಕರಣದೊಳಗೆ ರತ್ನಗಳ ಗುಣದೋಷ ವಿಚಾರವೂ ಸೇರಿದೆ. ಆ ಕಲ್ಯಾಣವು ಕಮಲಾಪುರದಿಂದ ಹುಮನಾಬಾದ ದಾಟಿ ಹೋಗುವ ದಾರಿಯಲ್ಲೇ ಇದೆ. ಗುಣದೊಡನೆ ದೋಷವನ್ನೂ ಹೇಳಬೇಕೆಂಬುದು ಇಂಥ ಪರೀಕ್ಷೆಯ ತಿರುಳು.

ಹೇಳಬೇಕಾದ ದೋಷಗಳಾವುವು? ಮುರಿದು ಅಂಟಿಸಿದ್ದರೆ ಅದನ್ನು ಹೇಳಬೇಕು. ಹರಳಿನ ತುದಿ ಮುಕ್ಕಾಗಿದ್ದರೆ ಆ ಬದಿಯ ಚಿತ್ರವನ್ನೂ ತೋರಿಸಬೇಕು. ಬಣ್ಣ ಹಾಕಿದ್ದರೆ ಮುಚ್ಚಿಡಬಾರದು. ಹಕೀಕು ಸೂಕ್ಷ್ಮ ರಂಧ್ರಗಳುಳ್ಳ ಕಲ್ಲಾದುದರಿಂದ ಬಣ್ಣವನ್ನು ಹೀರುತ್ತದೆ. ಸಕ್ಕರೆಯ ಪಾಕದಲ್ಲಿ ನೆನೆಸಿ ಗಂಧಕಾಮ್ಲದಲ್ಲಿ ಅದ್ದಿದರೆ ಒಳಗಿನ ಸಕ್ಕರೆ ಕರಿಯಾಗಿ ಕಲ್ಲು ಕಪ್ಪಾಗುತ್ತದೆ. ಗುಜರಾತಿನ ಖಂಭಾತಿನಲ್ಲಿ ಹಕೀಕನ್ನು ಕಾಯಿಸಿ ಕೆಂಪೇರಿಸುವ ವಿದ್ಯೆ ಬಹು ಪುರಾತನ. ಕಾಯಿಸುವುದು ಮೋಸವಲ್ಲ, ಕಾಯಿಸಿದ್ದನ್ನು ಹೇಳದಿರುವುದು ಮೋಸ. ಮಿನುಗುವ ಕಣಗಳಿರುವ ಕೃತಕ ಗಾಜನ್ನು ನೈಸರ್ಗಿಕ ಸೂರ್ಯಶಿಲೆಯೆಂದು ಮಾರುವುದೂ, ಕಾಯಿಸಿ ಹಳದಿಯಾಗಿಸಿದ ನೇರಳೆ ಬೆಣಚನ್ನು ಸಹಜ ಹಳದಿ ಬೆಣಚೆಂದು ಮಾರುವುದೂ ಈ ವರ್ಗಕ್ಕೆ ಸೇರುತ್ತವೆ.

ಚಿತ್ರ ತೆಗೆಯುವಲ್ಲಿಯೂ ಪ್ರಾಮಾಣಿಕತೆ ಬೇಕು. ನೀರು ಅಥವಾ ಎಣ್ಣೆ ಸವರಿದ ಕಲ್ಲಿನ ಬಣ್ಣ ಉಜ್ವಲವಾಗಿ ತೋರುತ್ತದೆ; ಅಂಚೆಯಲ್ಲಿ ಬಂದ ಒಣಗಿದ ಕಲ್ಲನ್ನು ಕಂಡಾಗ ಕೊಂಡವನ ಮುಖವೂ ಒಣಗುತ್ತದೆ. ಆದ್ದರಿಂದ ಒಣ ಕಲ್ಲನ್ನು ಹಗಲಿನ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಎಲ್ಲ ಬದಿಗಳಿಂದಲೂ ಚಿತ್ರಿಸಬೇಕು. ತೂಕವನ್ನು ಗ್ರಾಮಿನಲ್ಲಿಯೂ ಉದ್ದ ಅಗಲಗಳನ್ನು ಸೆಂಟಿಮೀಟರಿನಲ್ಲಿಯೂ ನಮೂದಿಸಬೇಕು.

ಕಾಯಿದೆ ಏನೆನ್ನುತ್ತದೆ?

ಹವ್ಯಾಸಿಗಳ ನಡುವಣ ವ್ಯವಹಾರವೆಂದ ಮಾತ್ರಕ್ಕೆ ಅದು ಕಾಯಿದೆಯ ಹೊರಗಿಲ್ಲ. 1930ರ ಸರಕು ಮಾರಾಟ ಕಾಯಿದೆಯ 15ನೆಯ ಕಲಮಿನಂತೆ, ವರ್ಣನೆಯ ಮೇಲೆ ಮಾರಿದ ಸರಕು ಆ ವರ್ಣನೆಗೆ ಹೊಂದಿಕೆಯಾಗಬೇಕು. 17ನೆಯ ಕಲಮಿನಂತೆ, ಮಾದರಿ ತೋರಿಸಿ ಮಾರಿದಾಗ ಒಟ್ಟು ಸರಕು ಗುಣದಲ್ಲಿ ಮಾದರಿಯಂತೆಯೇ ಇರಬೇಕು. ಕೊಳ್ಳುವವನಿಗೆ ಹೋಲಿಸಿ ನೋಡುವ ಅವಕಾಶವೂ ಇರಬೇಕು. ಮಾದರಿಯನ್ನೂ ತೋರಿಸಿ ವರ್ಣನೆಯನ್ನೂ ಕೊಟ್ಟಿದ್ದರೆ ಮಾದರಿಗೆ ಮಾತ್ರ ಹೊಂದಿದರೆ ಸಾಲದು, ವರ್ಣನೆಗೂ ಹೊಂದಬೇಕು. ಫರಸಿಯ ಒಂದು ಹಲಗೆ ತೋರಿಸಿ ಲಾರಿ ತುಂಬ ಮಾರುವ ವರ್ತಕನಿಗೂ, ಒಂದು ಹಕೀಕನ್ನು ತೋರಿಸಿ ಹತ್ತನ್ನು ಕಳಿಸುವ ಹವ್ಯಾಸಿಗೂ ಈ ನಿಯಮ ಸಮಾನ.

ಕಲ್ಲಿಗೆ ಕಲ್ಲು ಕೊಡುವ ವಿನಿಮಯದಲ್ಲಿ ಹಣದ ಬೆಲೆ ಇಲ್ಲದಿರುವುದರಿಂದ ಅದು ಮಾರಾಟವೆನಿಸದು; ಆದರೂ ಅದು ಕರಾರು. 1872ರ ಕರಾರು ಕಾಯಿದೆಯು ತಿಳಿದೂ ಸುಳ್ಳು ಹೇಳುವುದನ್ನು ಮಾತ್ರವಲ್ಲದೆ, ತಿಳಿದ ಸಂಗತಿಯನ್ನು ಉಪಾಯದಿಂದ ಮರೆಮಾಡುವುದನ್ನೂ ವಂಚನೆಯೆಂದೇ ಗಣಿಸುತ್ತದೆ.

ಬೆಲೆಯ ನಿರ್ಣಯ

ಕಲ್ಲಿಗೆ ಸರಕಾರ ನಿಗದಿ ಮಾಡಿದ ದರವಿಲ್ಲ. ಖನಿಜದ ವಿರಳತೆ, ಹರಳಿನ ಪೂರ್ಣತೆ, ಬಣ್ಣ, ಗಾತ್ರ, ಊರಿನ ಖ್ಯಾತಿ, ಆ ಗಣಿ ಇನ್ನೂ ತೆರೆದಿದೆಯೋ ಮುಚ್ಚಿದೆಯೋ ಎಂಬ ಸಂಗತಿ ಇವೆಲ್ಲ ಸೇರಿ ಬೆಲೆ ನಿಲ್ಲುತ್ತದೆ. ನಮ್ಮ ದನದ ಸಂತೆಗಳಲ್ಲಿ ದಲಾಲರು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದನ್ನು ಅನೇಕರು ಕಂಡಿರಬಹುದು. ಅಲ್ಲಿ ದರ ಮಾತ್ರ ಮರೆಯಲ್ಲಿರುತ್ತದೆ. ಎತ್ತು ಬಯಲಲ್ಲಿ ನಿಂತಿರುತ್ತದೆ, ಹಲ್ಲು ಎಣಿಸಿ, ನಡೆಸಿ ನೋಡುವ ಹಕ್ಕು ಕೊಳ್ಳುವವನಿಗಿರುತ್ತದೆ. ಕಲ್ಲಿನ ವ್ಯವಹಾರದ ನೀತಿಯೂ ಇದೇ. ದರದಲ್ಲಿ ಚೌಕಾಸಿಗೆ ಎಡೆಯುಂಟು, ಗುಣದಲ್ಲಿ ಗುಟ್ಟಿಗೆ ಎಡೆಯಿಲ್ಲ.

ಇಲ್ಲಿ ಒಂದು ಗಂಭೀರ ಪ್ರಶ್ನೆ ಏಳುತ್ತದೆ. ಬಾವಿ ತೋಡುವಾಗಲೋ ಕಲ್ಲು ಒಡೆಯುವಾಗಲೋ ಹರಳು ತುಂಬಿದ ಪೊಳ್ಳುಗಲ್ಲು ದೊರೆತರೆ ಅದನ್ನು ಮೊದಲು ಕಾಣುವವನು ರೈತ ಅಥವಾ ಕೂಲಿಕಾರ. ಅದರ ಬೆಲೆ ಅವನಿಗೆ ತಿಳಿಯದು. ಎದುರಿಗೆ ನಿಂತ ಸಂಗ್ರಾಹಕನಿಗೆ ತಿಳಿದಿರುತ್ತದೆ. ಹತ್ತು ರೂಪಾಯಿ ಕೊಟ್ಟು ತಂದುದನ್ನು ಸಾವಿರಕ್ಕೆ ಮಾರಿದರೆ ಕಾಯಿದೆ ಕೇಳಲಾರದು. ತೊಳೆಯುವ, ಗುರುತಿಸುವ, ರವಾನಿಸುವ ಶ್ರಮಕ್ಕೆ ಲಾಭ ನ್ಯಾಯವಾದದ್ದೇ. ಆದರೆ ಇನ್ನೊಬ್ಬನ ಅಜ್ಞಾನವನ್ನೇ ಬಂಡವಾಳ ಮಾಡಿಕೊಂಡ ಲಾಭ ನ್ಯಾಯವಾದುದಲ್ಲ. ವಸ್ತುವಿನ ಹೆಸರನ್ನೂ ಅಂದಾಜು ಬೆಲೆಯನ್ನೂ ಅವನಿಗೆ ತಿಳಿಸಿ ಕೊಂಡವನಿಗೆ ಕ್ಷಣಿಕವಾಗಿ ಕೆಲವು ರೂಪಾಯಿ ನಷ್ಟವಾಗಬಹುದು. ಆದರೆ ಮುಂದೆ ಆ ಊರಿನಲ್ಲಿ ಏನು ದೊರೆತರೂ ಒಡೆದು ಎಸೆಯದೆ ಅವನಿಗಾಗಿ ಎತ್ತಿಡುವ ಕೈಗಳು ಹುಟ್ಟಿಕೊಳ್ಳುತ್ತವೆ. ಮಕ್ಕಳೊಡನೆ ವಿನಿಮಯ ಮಾಡುವಾಗಲೂ ಇದೇ ನೀತಿ ಅನ್ವಯಿಸುತ್ತದೆ. ಅಂಥ ವ್ಯವಹಾರ ಹಿರಿಯರ ಅರಿವಿನಲ್ಲಿಯೇ ನಡೆಯಬೇಕು.

ವಿನಿಮಯ ಮತ್ತು ರವಾನೆ

ಪರಸ್ಪರ ವಿನಿಮಯದಲ್ಲಿ ಮೊದಲು ಎರಡು ಕಡೆಯ ಕಲ್ಲುಗಳಿಗೂ ರೂಪಾಯಿಯ ಅಂದಾಜು ಬೆಲೆ ಕಟ್ಟುವುದು ಕ್ಷೇಮ. ಯಾರು ಮೊದಲು ಕಳಿಸಬೇಕು, ಅಥವಾ ಇಬ್ಬರೂ ಒಂದೇ ದಿನ ಕಳಿಸಬೇಕೇ, ಅಂಚೆ ವೆಚ್ಚ ಯಾರದು, ದಾರಿಯಲ್ಲಿ ಒಡೆದರೆ ಹೊಣೆ ಯಾರದು, ಮೆಚ್ಚದಿದ್ದರೆ ಎಷ್ಟು ದಿನಗಳೊಳಗೆ ಹಿಂದಿರುಗಿಸಬಹುದು ಎಂಬ ಸಂಗತಿಗಳನ್ನು ಹಣ ಕೈಬದಲಾಗುವ ಮೊದಲೇ ಬರಹದಲ್ಲಿ ಇತ್ಯರ್ಥಪಡಿಸಬೇಕು. ಜಗಳಗಳು ಹುಟ್ಟುವುದು ಸಾಮಾನ್ಯವಾಗಿ ಕೇಡುಬುದ್ಧಿಯಿಂದಲ್ಲ, ಮೊದಲೇ ಆಡದೆ ಬಿಟ್ಟ ಮಾತಿನಿಂದ.

ಕಲ್ಲು ಗಟ್ಟಿಯೆಂಬ ಭಾವನೆಯಿಂದ ಅಜಾಗರೂಕತೆಯಿಂದ ಕಟ್ಟುವವರುಂಟು. ಸೂಜಿಯಂಥ ಎಳೆಗಳುಳ್ಳ ಜಿಯೊಲೈಟ್ ಹರಳು ಬೆರಳು ತಾಗಿದರೂ ಮುರಿಯುತ್ತದೆ. ಪ್ರತಿಯೊಂದು ಕಲ್ಲನ್ನೂ ಬೇರೆ ಬೇರೆಯಾಗಿ ಮೆತ್ತನೆಯ ಕಾಗದದಲ್ಲಿ ಸುತ್ತಿ, ಚಿಕ್ಕ ಪೆಟ್ಟಿಗೆಯಲ್ಲಿಟ್ಟು, ಅದನ್ನು ದೊಡ್ಡ ಪೆಟ್ಟಿಗೆಯೊಳಗಿಟ್ಟು ನಡುವಿನ ಜಾಗವನ್ನು ತುಂಬಬೇಕು. ಪೆಟ್ಟಿಗೆಯನ್ನು ಅಲುಗಿಸಿದಾಗ ಸದ್ದಾಗಬಾರದು. ಚೀಟಿಯನ್ನು ಆಯಾ ಕಲ್ಲಿನ ಜೊತೆಯಲ್ಲಿಯೇ ಇಡಬೇಕು. ಎಲ್ಲ ಚೀಟಿಗಳನ್ನೂ ಒಂದೇ ಲಕೋಟೆಯಲ್ಲಿ ಹಾಕಿದರೆ ಯಾವುದು ಯಾವುದರದೆಂಬ ಗೊಂದಲ ಉಳಿಯುತ್ತದೆ. ಪಡೆದವನು ಕೂಡಲೇ ತೆರೆದು ನೋಡಿ, ಕುಂದು ಕಂಡರೆ ಮೊದಲು ಕಳಿಸಿದವನಿಗೇ ಚಿತ್ರಸಹಿತ ತಿಳಿಸಬೇಕು. ವಿಚಾರಿಸದೆ ಊರೆಲ್ಲ ದೂರುವುದು ಕೊಳ್ಳುವವನ ಕಡೆಯ ಅನ್ಯಾಯ.

ಮಾರಬಾರದ ಕಲ್ಲುಗಳು

ಎಷ್ಟು ಪ್ರಾಮಾಣಿಕವಾಗಿ ವರ್ಣಿಸಿದರೂ ಮಾರಬಾರದ ಕಲ್ಲುಗಳುಂಟು. ಒಡೆಯನ ಅನುಮತಿಯಿಲ್ಲದೆ ಹೊಲದಿಂದಲೋ ಗಣಿಯಿಂದಲೋ ಎತ್ತಿದ ಕಲ್ಲು ಮೊದಲನೆಯದು. ಅರಣ್ಯದಿಂದ ತಂದದ್ದು ಎರಡನೆಯದು. 1963ರ ಕರ್ನಾಟಕ ಅರಣ್ಯ ಕಾಯಿದೆಯ ದೃಷ್ಟಿಯಲ್ಲಿ ಕಾಡಿನ ಕಲ್ಲು, ಖನಿಜಗಳೂ ಅರಣ್ಯೋತ್ಪನ್ನಗಳೇ. ಈ ಜಿಲ್ಲೆಯ ಚಿಂಚೋಳಿಯಲ್ಲಿರುವುದು ವನ್ಯಜೀವಿಧಾಮ. ಅಲ್ಲಿ ನಿರ್ಬಂಧ ಇನ್ನೂ ಬಿಗಿ.

ಮೂರನೆಯದು ಮನುಷ್ಯನ ಕೈ ತಾಗಿದ ಪ್ರಾಚೀನ ಕಲ್ಲು. ಮೊದಲು ಗುಲಬರ್ಗಾ ಜಿಲ್ಲೆಯಲ್ಲಿದ್ದು ಈಗ ಯಾದಗಿರಿ ಜಿಲ್ಲೆಗೆ ಸೇರಿದ ಹುಣಸಗಿಯ ಕಣಿವೆಯಲ್ಲಿ ಆದಿಮಾನವನ ನೆಲೆಗಳಿವೆ. ಅಲ್ಲಿಯ ಇಸಾಂಪುರದಲ್ಲಿ ಸುಣ್ಣಕಲ್ಲಿನ ಹಲಗೆಗಳಿಂದ ಕೈಗೊಡಲಿಗಳನ್ನು ಮಾಡಿದ ಸ್ಥಳವನ್ನು ಪುರಾತತ್ತ್ವಜ್ಞರು ಶೋಧಿಸಿದ್ದಾರೆ. ಅದರ ಪ್ರಾಚೀನತೆ ಸುಮಾರು 12 ಲಕ್ಷ ವರ್ಷಗಳೆಂದು ಅಂದಾಜಿಸಲಾಗಿದೆ. ಇಂಥ ಆಯುಧಗಳು, ಶಿಲ್ಪಖಂಡಗಳು, ಶಾಸನದ ತುಣುಕುಗಳು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವುದೂ, ಖಾಸಗಿಯವರು ವಿದೇಶಕ್ಕೆ ಕಳಿಸುವುದೂ ನಿಷಿದ್ಧ. ಹೊಲದಲ್ಲಿ ದೊರೆತರೆ ಸ್ಥಳವನ್ನು ಗುರುತಿಟ್ಟು ಪುರಾತತ್ತ್ವ ಇಲಾಖೆಗೆ ತಿಳಿಸುವುದೇ ಸರಿಯಾದ ಮಾರ್ಗ. ನೆಲದಿಂದ ಕಿತ್ತ ಕ್ಷಣದಲ್ಲಿಯೇ ಅದರ ಇತಿಹಾಸದ ಬಹುಪಾಲು ನಷ್ಟವಾಗಿರುತ್ತದೆ.

ಶಾಲೆಯ ಕಪಾಟು

ಈ ವಿಚಾರಗಳು ಕೆಲವೇ ಹವ್ಯಾಸಿಗಳಿಗೆ ಸಂಬಂಧಿಸಿದವು ಎಂದು ತೋರಬಹುದು. ಆದರೆ ಸಂಗ್ರಾಹಕನು ಶಾಶ್ವತನಲ್ಲ, ಸಂಗ್ರಹ ಉಳಿಯುತ್ತದೆ. ಎಷ್ಟೋ ಸಂಗ್ರಹಗಳು ಕೊನೆಗೆ ದಾನವಾಗಿ ಶಾಲೆಗಳ ವಿಜ್ಞಾನ ಕೊಠಡಿಯ ಕಪಾಟನ್ನು ಸೇರುತ್ತವೆ. ಅಲ್ಲಿ ಬಣ್ಣ ಹಾಕಿದ ಗಾಜು ರತ್ನವೆಂಬ ಹೆಸರಿನಿಂದ ಕುಳಿತರೆ, ಕಮಲಾಪುರದ ಕೆಂಪುಕಲ್ಲು ಬೇರೆ ಊರಿನ ಹೆಸರಿನಲ್ಲಿ ನಿಂತರೆ, ಶಿಕ್ಷಕರು ಅದನ್ನೇ ತೋರಿಸಿ ಬೋಧಿಸುತ್ತಾರೆ. ವಿದ್ಯಾರ್ಥಿಗಳು ಅದನ್ನೇ ಸತ್ಯವೆಂದು ಕಲಿತು ಹೊರಡುತ್ತಾರೆ. ಎಂದೋ ಯಾರೋ ಯಾರಿಗೋ ಹೇಳಿದ ಒಂದು ಸುಳ್ಳು ತಲೆಮಾರುಗಳವರೆಗೆ ಪಾಠವಾಗಿ ನಿಲ್ಲುತ್ತದೆ.

ಅದಕ್ಕೆ ಪ್ರತಿಯಾಗಿ, ನಮ್ಮ ಸುತ್ತಲಿನ ಮೂರು ಬಗೆಯ ಕಲ್ಲುಗಳ ಮೂರು ತುಣುಕುಗಳನ್ನೇ ಒಡೆಯರ ಅನುಮತಿ ಪಡೆದು ತಂದು, ಊರು ದಿನಾಂಕಗಳನ್ನು ನಿಖರವಾಗಿ ಬರೆದು ಇಟ್ಟರೂ ಸಾಕು. ಅವುಗಳಿಗೆ ಮಾರುಕಟ್ಟೆಯಲ್ಲಿ ಬೆಲೆ ಬಾರದಿರಬಹುದು. ಕರಿಕಲ್ಲು, ಕೆಂಪುಕಲ್ಲು, ಫರಸಿ ಎಂದು ಹೆಸರಿಟ್ಟು, ಕೆಳಗೆ ಕಲಬುರಗಿ, ಕಮಲಾಪುರ, ಶಹಾಬಾದ ಎಂದು ಬರೆದ ಆ ಮೂರು ಚೀಟಿಗಳು ತಾವು ನಡೆದಾಡುವ ನೆಲ ಯಾವುದೆಂಬುದನ್ನು ಮುಂದಿನ ಮಕ್ಕಳಿಗೆ ತಪ್ಪಿಲ್ಲದೆ ತಿಳಿಸುತ್ತವೆ.